ಆಶ್ ಗೆರೆ ಪ್ರಯೋಗ: ತರಗತಿಯಲ್ಲಿ ಮಾಡಿ ತೋರಿಸುವುದು ಹೇಗೆ?

ಪ್ರಶ್ನೆ (ಪಿಯು ಉಪನ್ಯಾಸಕಿ): ಸರ್, ಒಬ್ಬ ವಿದ್ಯಾರ್ಥಿಗೆ ತಿಳಿಯದಂತೆ ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದರೆ ಅವನೂ ಅದನ್ನೇ ಹೇಳುತ್ತಾನೆಯೇ ಎಂದು ನೋಡುವ, ಮನಃಶಾಸ್ತ್ರಜ್ಞ ಸಾಲೊಮನ್ ಆಶ್ ಅವರ ಪ್ರಯೋಗವನ್ನು ನಮ್ಮ ಮಕ್ಕಳಿಗೆ ಮಾಡಿ ತೋರಿಸಬೇಕು. ಎಷ್ಟು ಜನ ಬೇಕು, ಎಲ್ಲಿ ಕೆಡುತ್ತದೆ?

ಉತ್ತರ (ಸಾಮಾಜಿಕ ಮನಃಶಾಸ್ತ್ರ ಪ್ರಾಧ್ಯಾಪಕ): ಮೇಡಂ, ಮೂಲದಲ್ಲಿ ಇದ್ದದ್ದು 18 ಸುತ್ತು. ಒಂದು ಕಾರ್ಡಿನಲ್ಲಿ ಒಂದೇ ಗೆರೆ, ಇನ್ನೊಂದರಲ್ಲಿ ಮೂರು; ಮೊದಲ ಗೆರೆಗೆ ಸಮನಾದದ್ದು ಯಾವುದೆಂದು ಎಲ್ಲರೂ ಸರದಿಯಲ್ಲಿ ಗಟ್ಟಿಯಾಗಿ ಹೇಳಬೇಕು. ಒಂದು ಜೊತೆಯಲ್ಲಿ ಅಳತೆ ಹೀಗಿತ್ತು: ಮೂಲ ಗೆರೆ 10 ಇಂಚು, ಆಯ್ಕೆಗಳು 8¾, 10 ಮತ್ತು 8. ಒಬ್ಬರೇ ಕೂತು ನೋಡಿದವರು ತಪ್ಪಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ವ್ಯತ್ಯಾಸ ಅಷ್ಟು ಎದ್ದು ಕಾಣಬೇಕು. ಗೆರೆಗಳು ಹತ್ತಿರ ಹತ್ತಿರ ಇದ್ದರೆ ಹುಡುಗ ಗುಂಪಿಗೆ ಮಣಿದನೋ, ನಿಜಕ್ಕೂ ಗೊಂದಲಕ್ಕೆ ಬಿದ್ದನೋ ಹೇಳಲಾಗದು.

ವಿಷಯ ಗೊತ್ತಿಲ್ಲದವನನ್ನು ಕೊನೆಯಿಂದ ಎರಡನೆಯ ಕುರ್ಚಿಯಲ್ಲಿ ಕೂರಿಸಿ. ಮೊದಲ ಎರಡು ಸುತ್ತು ಎಲ್ಲರೂ ಸರಿ ಹೇಳಲಿ, ಮೂರನೆಯದರಿಂದ ತಪ್ಪು ಶುರುವಾಗಲಿ. ಒಟ್ಟು 12 ಸುತ್ತು ತಪ್ಪು, 6 ಸುತ್ತು ಸರಿ. ಬೇಕೆಂದೇ ತಪ್ಪು ಹೇಳುವವರು 3–4 ಜನ ಇದ್ದರೆ ಸಾಕು. ಎದುರಿಗೆ ಒಬ್ಬನೇ ಇದ್ದಾಗ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ, ಇಬ್ಬರಿದ್ದಾಗ ಗುಂಪಿಗೆ ಮಣಿದ ತಪ್ಪು ಉತ್ತರ ಸುಮಾರು 14%, ಮೂವರಿದ್ದಾಗ ಸುಮಾರು 32%. ಆಮೇಲೆ ಜನ ಹೆಚ್ಚಿದರೂ ಹೆಚ್ಚೇನೂ ಏರಲಿಲ್ಲ.

ಕೆಡುವುದು ನಗುವಿನಿಂದ. ಒಬ್ಬ ತುಟಿ ಕಚ್ಚಿಕೊಂಡರೂ ಗುಟ್ಟು ಬಯಲು. ತಪ್ಪು ಉತ್ತರಗಳ ಪಟ್ಟಿಯನ್ನು ಕೈಗೆ ಕೊಡದೆ ಬಾಯಿಪಾಠ ಮಾಡಿಸಿ. ಈ ಪಾಠ ಈಗಾಗಲೇ ಓದಿದವರನ್ನು ಕೂರಿಸಿ ಪ್ರಯೋಜನವಿಲ್ಲ, ಬೇರೆ ವಿಭಾಗದವರನ್ನು ಕರೆಯಿರಿ.

ಪ್ರಶ್ನೆ (ಅದೇ ಉಪನ್ಯಾಸಕಿ): ಮೂರರಲ್ಲಿ ಒಂದು ಪಾಲು ಜನ ಗುಂಪಿಗೆ ಸೋಲುತ್ತಾರೆ ಎಂದು ಬರೆಸಬಹುದೇ?

ಉತ್ತರ: ದಯವಿಟ್ಟು ಬೇಡ. ಎಲ್ಲ ಕಡೆ ನಡೆಯುವ ತಪ್ಪು ಇದೇ. ಆ ‘ಮೂರರಲ್ಲಿ ಒಂದು ಪಾಲು’, ಅಂದರೆ ಸುಮಾರು 37% ಎನ್ನುವುದು ಜನರ ಲೆಕ್ಕವಲ್ಲ, ಗುಂಪು ತಪ್ಪು ಹೇಳಿದ ಆ 12 ಸುತ್ತುಗಳಲ್ಲಿ ಬಂದ ಉತ್ತರಗಳ ಲೆಕ್ಕ. ಜನರ ಲೆಕ್ಕ ಹಿಡಿದರೆ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಮಣಿದರು, ಕಾಲು ಪಾಲು ಒಮ್ಮೆಯೂ ಮಣಿಯಲಿಲ್ಲ. ಉತ್ತರಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇದ್ದವು ಎಂಬುದನ್ನೂ ಮಕ್ಕಳಿಗೆ ಹೇಳಲೇಬೇಕು.

ಇನ್ನೂ ಮುಖ್ಯವಾದದ್ದು: ಗುಂಪಿನಲ್ಲಿ ಇನ್ನೊಬ್ಬ ಸರಿ ಉತ್ತರ ಹೇಳಿದರೆ ಮಣಿಯುವುದು ಕಾಲು ಭಾಗಕ್ಕೆ ಇಳಿಯಿತು. ಒತ್ತಡ ಹುಟ್ಟುವುದು ತಲೆಯೆಣಿಕೆಗಿಂತ ಒಮ್ಮತದಿಂದ. ಸಮಯ ಇದ್ದರೆ ಈ ಸುತ್ತನ್ನೂ ಸೇರಿಸಿ. ನನ್ನ ಪ್ರಕಾರ ಪಾಠದ ತಿರುಳೇ ಇದು.

ಪ್ರಶ್ನೆ (ಆಪ್ತ ಸಮಾಲೋಚಕಿ): ಇಡೀ ತರಗತಿಯ ಮುಂದೆ ಒಂದು ಮಗುವನ್ನು ಪೆದ್ದು ಮಾಡಿದಂತೆ ಆಗುವುದಿಲ್ಲವೇ, ಸರ್?

ಉತ್ತರ: ಆಗುತ್ತದೆ, ಮೇಡಂ. ಆದ್ದರಿಂದ ಪ್ರೇಕ್ಷಕರು ಬೇಡ. ಕಾಲೇಜಿನ ಅನುಮತಿ, 18 ತುಂಬದವರಾದರೆ ಪೋಷಕರ ಒಪ್ಪಿಗೆ ಬೇಕು. ಮುಗಿದ ತಕ್ಷಣ, ಉಳಿದವರು ಬಾಯಿ ಬಿಡುವ ಮೊದಲೇ, ಬೇರೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಬೇಕು. ಆಶ್ ಕೂಡ ಆಮೇಲೆ ಮಾತಾಡಿಸಿದ್ದರು. ಕೆಲವರು ತಮ್ಮ ಕಣ್ಣನ್ನೇ ಅನುಮಾನಿಸಿದ್ದರು. ಕೆಲವರಿಗೆ ಸರಿ ಉತ್ತರ ಗೊತ್ತಿತ್ತು, ಬೇರೆಯಾಗಿ ನಿಲ್ಲಲು ಮನಸ್ಸಾಗಿರಲಿಲ್ಲ.

ಇಷ್ಟಕ್ಕೆಲ್ಲ ಅನುಕೂಲವಿಲ್ಲದಿದ್ದರೆ ಬೇರೆ ದಾರಿ ಇದೆ. 1932ರಲ್ಲಿ ಮನಃಶಾಸ್ತ್ರಜ್ಞ ಜೆನ್ನೆಸ್ ಬಾಟಲಿಯೊಳಗಿನ ಕಾಳುಗಳನ್ನು ಅಂದಾಜು ಮಾಡಿಸಿದ್ದರು. ಅದನ್ನೇ ಸ್ವಲ್ಪ ತಿರುಗಿಸಿಕೊಳ್ಳಿ. ಗಾಜಿನ ಬಾಟಲಿಯಲ್ಲಿ ಎಣಿಸಿದ 800 ಕಡಲೆಕಾಳು ಹಾಕಿ. ಎರಡು ಹಾಳೆ ಮಾಡಿ: ಒಂದರಲ್ಲಿ ಮೊದಲೇ ಐದು ಸಣ್ಣ ಅಂದಾಜು (300ರ ಆಸುಪಾಸು), ಇನ್ನೊಂದರಲ್ಲಿ ಐದು ದೊಡ್ಡವು (1,500ರ ಆಸುಪಾಸು). ಅರ್ಧ ತರಗತಿಗೆ ಒಂದು, ಉಳಿದರ್ಧಕ್ಕೆ ಇನ್ನೊಂದು. ಹೆಸರಿಲ್ಲದೆ ಕೆಳಗೆ ಬರೆಯುತ್ತಾ ಹೋಗಲಿ. ಕೊನೆಗೆ ನಿಮ್ಮ ಐದನ್ನು ಬಿಟ್ಟು ಎರಡೂ ಹಾಳೆಯ ಸರಾಸರಿ ತೆಗೆಯಿರಿ. ಆ ಐದು ಅಂಕಿಗಳನ್ನು ಬೇರೆ ಬೇರೆ ಪೆನ್ನಿನಿಂದ, ಬೇರೆ ಬೇರೆ ಕೈಬರಹದಲ್ಲಿ ಬರೆಸಿ, ಇಲ್ಲವಾದರೆ ಮಕ್ಕಳು ಹಿಡಿದುಬಿಡುತ್ತಾರೆ. ಎಲ್ಲವೂ 300, 350 ಎಂದು ದುಂಡಗೆ ಇರದಿರಲಿ, 287, 315 ಇರಲಿ.

ಒಂದು ಎಚ್ಚರಿಕೆ: ಎರಡೂ ಪ್ರಯೋಗ ಒಂದೇ ಎಂದು ಕಲಿಸಬೇಡಿ. ಕಾಳಿನ ಲೆಕ್ಕ ಯಾರಿಗೂ ಗೊತ್ತಿಲ್ಲ, ಹಾಗಾಗಿ ಮತ್ತೊಬ್ಬರ ಅಂಕಿ ಒಂದು ಮಾಹಿತಿಯಂತೆ ಕೆಲಸ ಮಾಡುತ್ತದೆ. ಗೆರೆಯ ಉದ್ದ ಎಲ್ಲರ ಕಣ್ಣಿಗೂ ಕಾಣುತ್ತದೆ. ಅಲ್ಲಿ ಹೆಚ್ಚಾಗಿ ಕಾಡುವುದು ಒಂಟಿಯಾಗುವ ಭಯ. 1955ರಲ್ಲಿ ಮನಃಶಾಸ್ತ್ರಜ್ಞರಾದ ಡಾಯ್ಚ್ ಮತ್ತು ಜೆರಾರ್ಡ್ ಬೇರ್ಪಡಿಸಿ ತೋರಿಸಿದ್ದು ಈ ಎರಡನ್ನೇ.