ಗ್ಯಾರಂಟಿಗೂ ದುಡ್ಡು ಬೇಕು, ಕೂಲಿಗೂ ಬೇಕು. ಈ ನೂರಕ್ಕೆ 40 ಎಲ್ಲಿಂದ ಬರುತ್ತೆ?

ನಾಗಲಮಡಿಕೆ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಾನು ಪಾವಗಡ ತಾಲ್ಲೂಕಿನವಳು. ನಾಲ್ಕು ವರ್ಷದಿಂದ ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧು. ಮೇಟ್ ಅಂದರೆ ಬೇಗ ಗೊತ್ತಾಗುತ್ತೆ. ಗುಂಪು ಕಟ್ಟೋದು, ಕೆಲಸ ಕೇಳೋ ಅರ್ಜಿ, ಅಂದರೆ ನಮೂನೆ 6 ತುಂಬಿಸೋದು, ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಮೊಬೈಲಲ್ಲಿ ಫೋಟೊ ಹಾಜರಿ ಹಾಕೋದು ನನ್ನ ಪಾಲಿನದು.

ಡಿಸೆಂಬರ್ 2025ರಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆ ಒಪ್ಪಿತಲ್ಲ, ಅದರಲ್ಲಿ ಒಂದು ಮನೆಗೆ ವರ್ಷಕ್ಕೆ ಕೊಡೋ ಕೆಲಸದ ದಿನ 100ರಿಂದ 125 ಆಯ್ತು. ಸಂತೋಷವೇ. ಆದರೆ ಹಳೇ ಕಾಯ್ದೆಯಲ್ಲಿ ಕೂಲಿ ಹಣ ಪೂರ್ತಿ ಕೇಂದ್ರದ್ದು. ಹೊಸದರಲ್ಲಿ ನೂರಕ್ಕೆ 40 ರಾಜ್ಯ ಹಾಕಬೇಕು. "ಗ್ಯಾರಂಟಿಗೇ ಖಜಾನೆ ಖಾಲಿ, ಇನ್ನು ಕೂಲಿಗೆ ಎಲ್ಲಿಂದ ಕೊಡ್ತಾರೆ" ಅಂತ ಅರಳಿಕಟ್ಟೆ ಮೇಲೆ ದಿನಾ ಇದೇ ಮಾತು. ನನಗೆ ಕೇಳಿ ಕೇಳಿ ಸಂಕಟವಾಗಿದೆ, ಅದಕ್ಕೇ ಬರೀತಿದ್ದೀನಿ.

ನಮ್ಮ ಕಡೆ ಸೋಲಾರ್ ಪಾರ್ಕ್ ಬಂದಿದ್ದು ಎಲ್ಲರಿಗೂ ಗೊತ್ತು. 2,050 ಮೆಗಾವ್ಯಾಟ್, ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ಸುಮಾರು 13 ಸಾವಿರ ಎಕರೆ. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಅಂತ ಶುರುವಾಯ್ತು. ಸದಾ ಬರ ಬೀಳೋ ತಾಲ್ಲೂಕಿನಲ್ಲಿ ಅದು ದೊಡ್ಡ ಆಸರೆ, ನಾನು ಬೇಡ ಅನ್ನಲ್ಲ. ಆದರೆ ಅದೇ ಹೊಲಗಳಲ್ಲಿ ಕಡ್ಲೇಕಾಯಿ ಕಳೆ ಕೀಳ್ತಿದ್ದ, ಕಾಯಿ ಬಿಡಿಸ್ತಿದ್ದ ಜಮೀನಿಲ್ಲದವರಿಗೆ ಏನು ಸಿಕ್ತು? ನನ್ನ ಚಿಕ್ಕಮ್ಮ ಅವರಲ್ಲಿ ಒಬ್ಬರು. ಕೆಲವರಿಗೆ ಸೆಕ್ಯೂರಿಟಿ, ಪ್ಯಾನಲ್ ತೊಳೆಯೋ ಕೆಲಸ ಸಿಕ್ತು. ಐವತ್ತು ದಾಟಿದ ಹೆಂಗಸನ್ನ ಯಾರು ಕರೀತಾರೆ?

ಹೋದ ಬೇಸಿಗೆ ಬದು ಹಾಕೋ ಕೆಲಸ ನಡೀತಿತ್ತು. ಚಿಕ್ಕಮ್ಮ ಬಾಂಡ್ಲಿ ಇಳಿಸಿ, ಸೆರಗಿನಲ್ಲಿ ಮುಖ ಒರೆಸ್ಕೊಂಡು ಫೋಟೊಗೆ ನಿಂತರು. ನೆಟ್‌ವರ್ಕ್ ಇಲ್ಲ. ನಾನು ಬಂಡೆ ಹತ್ತಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದೆ, ಕೆಳಗೆ ಹದಿನೆಂಟು ಜನ ಬಿಸಿಲಲ್ಲಿ ಅಲುಗಾಡದೆ. ಫೋಟೊ ಹೋಗದಿದ್ದರೆ ಆ ದಿನದ ಕೂಲಿ ಹೋಯ್ತು. ಕೊನೆಗೆ ಹೋಯ್ತು ಅಂದಾಗ ಚಿಕ್ಕಮ್ಮ ಅಂದಿದ್ದು: "ಗೃಹಲಕ್ಷ್ಮಿ ದುಡ್ಡು ಅಕ್ಕಪಕ್ಕದ ಸಾಲ ತೀರಿಸುತ್ತೆ ಕಣೆ, ಈ ದುಡ್ಡು ಮಗನ್ನ ಊರಲ್ಲಿ ಇಡುತ್ತೆ."

ಲೆಕ್ಕ ಹಾಕಿ ನೋಡಿದೆ. ಗೃಹಲಕ್ಷ್ಮಿ ವರ್ಷಕ್ಕೆ 24,000. 2025-26ರ ದರ ದಿನಕ್ಕೆ 370 ಹಿಡಿದರೆ 125 ದಿನ ಪೂರಾ ಕೆಲಸ ಮಾಡಿದ ಮನೆಗೆ 46,250, ಅದರಲ್ಲಿ ರಾಜ್ಯದ ಪಾಲು 18,500. ಚಿಕ್ಕಮ್ಮನಿಗೆ ಎರಡೂ ಬೇಕು. ನೀವಾಗಿದ್ದರೆ ಬಜೆಟ್‌ನಲ್ಲಿ ಯಾವುದನ್ನ ಕಮ್ಮಿ ಮಾಡ್ತಿದ್ರಿ? ಯಾರನ್ನೂ ಬೈಯದೆ ಹೇಳಿ.

ಮಾಲೂರು ಪ್ಯಾಸೆಂಜರ್

ಅಕ್ಕಾ, ನಾನು ಡಿಪ್ಲೊಮಾ ಮುಗಿಸಿ ಕಾಂಟ್ರ್ಯಾಕ್ಟ್ ಮೇಲೆ ಫ್ಯಾಕ್ಟರಿಗೆ ಹೋಗ್ತೀನಿ. ಮನಸ್ಸಿನಲ್ಲಿರೋದು ಹೇಳಿಬಿಡ್ತೀನಿ. 2025-26ರಲ್ಲಿ ಐದು ಗ್ಯಾರಂಟಿಗೆ ಇಟ್ಟಿದ್ದು 51,034 ಕೋಟಿ. ಅದರಲ್ಲಿ ಗೃಹಲಕ್ಷ್ಮಿಗೇ 28,608 ಕೋಟಿ. ಕೆಲಸ ಹುಡುಕೋರಿಗೆ ಅಂತ ಇರೋ ಯುವನಿಧಿಗೆ 600 ಕೋಟಿ. ಪದವಿ ಆದವರಿಗೆ ತಿಂಗಳಿಗೆ 3,000, ನಮಗೆ ಡಿಪ್ಲೊಮಾದವರಿಗೆ 1,500, ಅದೂ ಎರಡು ವರ್ಷ ಮಾತ್ರ. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ನಮ್ಮ ಜಿಲ್ಲೆಯ ಎಷ್ಟು ಮನೆಯವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗೋ ಹಾಗಾಯ್ತು! ನನ್ನ ತಾತ ಗಣಿಯಲ್ಲಿದ್ದರು, ಅಪ್ಪ ರೈಲಲ್ಲಿ ಓಡಾಡಿದರು, ನಾನೂ ರೈಲಲ್ಲೇ. ಮಣ್ಣು ಹೊರೋ ಕೆಲಸಕ್ಕೆ ಕಾಯ್ದೆ ಇದೆ, ಕಲಿತ ಕೈಗೆ ಯಾವ ಕಾಯ್ದೆಯೂ ಇಲ್ಲ. ನಾನಾದರೆ ಗೃಹಲಕ್ಷ್ಮಿಯಲ್ಲಿ ಅನುಕೂಲ ಇರೋ ಮನೆಗಳನ್ನ ಬಿಟ್ಟು ಆ ದುಡ್ಡು ತರಬೇತಿಗೆ, ಕಾಯಂ ಕೆಲಸಕ್ಕೆ ಹಾಕ್ತಿದ್ದೆ.

ಚಿಂತಾಮಣಿ ಟೊಮೊಟೊ

ನಾನು ಮೂರು ಎಕರೆ ರೈತ. ಹಣ್ಣು ಕೀಳೋ ದಿನ ಆಳು ಸಿಗದೆ ಕ್ರೇಟು ಖಾಲಿ ಇಟ್ಕೊಂಡು ಕೂತಿದ್ದೀನಿ. ಒಂದು ದಿನ ತಡವಾದರೆ ಹಣ್ಣು ಗಿಡದಲ್ಲೇ ಮೆತ್ತಗಾಗಿ ಮಂಡಿಯಲ್ಲಿ ಕೇಳೋರಿರಲ್ಲ. ಹೊಸ ಕಾಯ್ದೆಯಲ್ಲಿ ಬಿತ್ತನೆ, ಕೊಯ್ಲಿನ ಕಾಲಕ್ಕೆ ವರ್ಷದಲ್ಲಿ 60 ದಿನ ಸರ್ಕಾರಿ ಕೆಲಸ ನಿಲ್ಲಿಸಬಹುದು ಅಂತಿದೆಯಲ್ಲ, ನಮ್ಮಂಥವರಿಗೆ ಅದು ಬೇಕಿತ್ತು. ಆದರೆ ಒಂದು ಮಾತು ಒಪ್ಪಿಕೊಳ್ತೀನಿ ತಂಗಿ. ನನ್ನ ಕೃಷಿ ಹೊಂಡ ತೋಡಿದ್ದು ಇದೇ ಉದ್ಯೋಗ ಖಾತ್ರಿಯಲ್ಲಿ. ಬೋರ್‌ವೆಲ್ ಕೈಕೊಟ್ಟ ವರ್ಷ ಆ ಹೊಂಡದ ನೀರೇ ಹಸುಗಳನ್ನ ಉಳಿಸಿತು. ಅದನ್ನ ದಂಡದ ಖರ್ಚು ಅಂತ ನನ್ನ ಬಾಯಲ್ಲಿ ಬರಲ್ಲ.

ಮಧುಗಿರಿ ನಿವೃತ್ತ

ಪಂಚಾಯ್ತಿ ಲೆಕ್ಕ ಬರೆದು ನಿವೃತ್ತನಾದವನು. ಖಜಾನೆ ಖಾಲಿ ಅನ್ನೋ ಮಾತಿನ ಬಗ್ಗೆ ಮೊದಲು: 2025-26ರ ಬಜೆಟ್ ಗಾತ್ರ 4,09,549 ಕೋಟಿ. ಗ್ಯಾರಂಟಿ 51,034 ಅಂದರೆ ನೂರು ರೂಪಾಯಿಗೆ ಹನ್ನೆರಡೂವರೆ. ದೊಡ್ಡದು ಹೌದು, ಉಳಿದ ಎಂಬತ್ತೇಳೂವರೆ ಎಲ್ಲಿ ಹೋಗುತ್ತೆ ಅಂತಲೂ ಕೇಳಬೇಕಲ್ಲಮ್ಮ. ಸಂಬಳ, ಪಿಂಚಣಿ, ಸಾಲದ ಬಡ್ಡಿ ಇವು ಯಾರೂ ಮುಟ್ಟೋಕಾಗದ ಬಾಬ್ತು. ನನ್ನ ಪಿಂಚಣಿಯೂ ಅದರಲ್ಲೇ ಇದೆ. ಹಾಗಾಗಿ ಕೈ ಹಾಕೋದು ಸುಲಭವಾಗಿರೋ ಕಡೆಯೇ ಕಡಿತ ಬೀಳುತ್ತೆ. ಜಾಬ್ ಕಾರ್ಡಿನವರಿಗೆ ಸಂಘವಿಲ್ಲ, ನನ್ನ ಭಯ ಅಲ್ಲಿರೋದು. ಕೆಲಸ ಕೇಳಿ 15 ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಅಂತ ಹಳೇ ಕಾಯ್ದೆಯಲ್ಲೂ ಇತ್ತು. ನನ್ನ ಇಡೀ ಸೇವೆಯಲ್ಲಿ ಆ ಭತ್ಯೆ ಪಡೆದ ಒಬ್ಬರನ್ನೂ ನಾನು ನೋಡಲಿಲ್ಲ. ಅರ್ಜಿಗೆ ಸ್ವೀಕೃತಿ ಕೊಟ್ಟಿದ್ದರೆ ತಾನೇ ದಿನ ಎಣಿಸೋದು. ಮೊದಲು ಸ್ವೀಕೃತಿ ಕೇಳಿ ಇಸ್ಕೊಳ್ಳಿ.

ಆ 60 ದಿನಗಳ ಬಗ್ಗೆ ಇನ್ನೊಂದು ವಿಷಯ. ಅದನ್ನ ಗೊತ್ತುಮಾಡೋದು ರಾಜ್ಯ ಸರ್ಕಾರ. ಜಿಲ್ಲೆ, ತಾಲ್ಲೂಕು, ಪಂಚಾಯ್ತಿಗೆ ಬೇರೆ ಬೇರೆ ಅವಧಿ ಹೊರಡಿಸೋಕೆ ಅವಕಾಶ ಇದೆ. ಚಿಂತಾಮಣಿಗೆ ಹೊಂದೋ ತಿಂಗಳು ಪಾವಗಡಕ್ಕೂ ಹೊಂದಬೇಕು ಅಂತೇನಿಲ್ಲ.

ನಾಗಲಮಡಿಕೆ ಕಡೆಯವಳು

ಮಧುಗಿರಿ ಸರ್, ನನಗೆ ಬೇಕಿದ್ದ ಮಾಹಿತಿ ನೀವು ಹೇಳಿದ ಈ ಕೊನೇದು. ಚಿಂತಾಮಣಿ ಅಣ್ಣಾ, ನಿಮ್ಮ ಕಷ್ಟ ನಿಜ, ನಿಮ್ಮ ಹೊಲದಲ್ಲಿ ಕೀಳೋಕೆ ಹಣ್ಣಿದೆ. ನಮ್ಮ ಊರ ಪೂರ್ವಕ್ಕೆ ನಿಂತರೆ ಕಣ್ಣು ಹೋದಷ್ಟು ದೂರ ಪ್ಯಾನಲ್. ಅಲ್ಲಿ ಬಿತ್ತನೆಯೂ ಇಲ್ಲ, ಕೊಯ್ಲೂ ಇಲ್ಲ. ಆ ಎರಡು ತಿಂಗಳು ಚಿಕ್ಕಮ್ಮ ಯಾರ ಹೊಲಕ್ಕೆ ಹೋಗಬೇಕು?

ಮಾಲೂರು ತಮ್ಮಾ, ನೀನು ಹೇಳಿದ 600 ಕೋಟಿ ಓದಿ ಹೊಟ್ಟೆ ಉರೀತು. ಚಿಕ್ಕಮ್ಮನ ಮಗ ಐಟಿಐ ಮುಗಿಸಿದ್ದಾನೆ, ಮಣ್ಣು ಹೊರೋಕೆ ಅವನೂ ಬರ್ತಾನೆ. ಆದರೆ ಗೃಹಲಕ್ಷ್ಮಿಯಿಂದ ತೆಗೆದು ನಿಮಗೆ ಕೊಡಿ ಅನ್ನೋದಕ್ಕೆ ನನಗೆ ಮನಸ್ಸು ಬರಲ್ಲ. ಅನುಕೂಲಸ್ಥರು ಯಾರು ಅಂತ ಪಟ್ಟಿ ಮಾಡೋಕೆ ಹೊರಟಾಗಲೆಲ್ಲ ಮೊದಲು ಬಿಟ್ಟುಹೋಗೋದು ಓದುಬರಹ ಬಾರದವರ ಹೆಸರು, ಅದನ್ನ ರೇಷನ್ ಕಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೀನಿ.

ಗ್ರಾಮಸಭೆಗೆ ಅರ್ಜಿ ಬರೆದಿದ್ದೀನಿ, ತಪ್ಪಿದ್ದರೆ ತಿದ್ದಿ: "ನಮ್ಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಸಾಗುವಳಿ ಆಗದ ಜಮೀನೇ ಹೆಚ್ಚಿರುವುದರಿಂದ, 60 ದಿನಗಳ ಬಿಡುವನ್ನು ಬೇಸಿಗೆಯಲ್ಲಿ ಇಡಬಾರದು. ಕೆಲಸ ಕೇಳಿದ ಪ್ರತಿಯೊಬ್ಬರಿಗೂ ಅದೇ ದಿನ ದಿನಾಂಕ ಹಾಕಿದ ಸ್ವೀಕೃತಿ ಕೊಡಬೇಕು. ರಾಜ್ಯದ ಪಾಲಿನ ಕೂಲಿ ತಡವಾಗದಂತೆ ಸರ್ಕಾರಕ್ಕೆ ಬರೆಯಬೇಕು." ಕೆಳಗೆ ಮೊದಲ ಹೆಬ್ಬೆಟ್ಟು ಚಿಕ್ಕಮ್ಮನದು. ಇನ್ನೂ ಹದಿನೇಳು ಜನರದ್ದು ಹಾಕಿಸಬೇಕು.