ಎರಡು ಕಂಪ್ಯೂಟರ್, ನಡುವೆ ಒಂದು ಕೇಬಲ್: ದೀಪ ಉರಿದರೂ ಸಂಪರ್ಕ ಸಿಗದಿದ್ದಾಗ

ಪ್ರಶ್ನೆ (ವಿದ್ಯಾನಗರ, ಹಾಸನ):
ನಮಸ್ಕಾರ ಸರ್. ನಮ್ಮ ತಂದೆಯವರು ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿಯ ದೇವಾಲಯಗಳಲ್ಲಿ ತೆಗೆದ ಛಾಯಾಚಿತ್ರಗಳೆಲ್ಲ ಮನೆಯ ಹಳೆಯ ಡೆಸ್ಕ್‌ಟಾಪ್‌ನಲ್ಲಿವೆ. ಅದರಲ್ಲಿರುವುದು ವಿಂಡೋಸ್ 7, ಚಿತ್ರಗಳ ಒಟ್ಟು ಗಾತ್ರ ಸುಮಾರು 400 ಜಿಬಿ. ಅವನ್ನು ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗೆ ಸಾಗಿಸಲು ಎರಡರ ನಡುವೆ ನೇರವಾಗಿ ಲ್ಯಾನ್ ಕೇಬಲ್ ಹಾಕಿದ್ದೇನೆ. ಎರಡೂ ಕಡೆ ಹಸಿರು ದೀಪ ಉರಿಯುತ್ತದೆ. ಡೆಸ್ಕ್‌ಟಾಪ್‌ನ ವಿಳಾಸ 192.168.1.10 ಎಂದಿದೆ, ಲ್ಯಾಪ್‌ಟಾಪ್‌ನ ಕೇಬಲ್ ವಿಳಾಸ 169.254 ಎಂದು ಆರಂಭವಾಗುತ್ತದೆ. ಲ್ಯಾಪ್‌ಟಾಪ್‌ನಿಂದ ಪಿಂಗ್ ಮಾಡಿದರೆ (ಆ ಯಂತ್ರ ಸಿಗುತ್ತದೆಯೇ ಎಂದು ವಿಚಾರಿಸಿದರೆ) 'ರಿಪ್ಲೈ ಫ್ರಮ್ 192.168.1.5: ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್' ಎಂದು ಬರುತ್ತದೆ. ಇದಕ್ಕೆ ಕ್ರಾಸ್‌ಓವರ್ ಕೇಬಲ್ಲೇ ಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಹೊಸದನ್ನು ಕೊಳ್ಳಬೇಕೇ?

ಉತ್ತರ:
ಮೇಡಂ, ಸದ್ಯಕ್ಕೆ ಕೇಬಲ್ ಕೊಳ್ಳಬೇಡಿ. ಎರಡೂ ಕಡೆ 100 ಎಂಬಿಪಿಎಸ್‌ನ ಹಳೆಯ ಕಾರ್ಡುಗಳಿದ್ದ ಕಾಲದಲ್ಲಿ, ಒಂದರ ಕಳಿಸುವ ತಂತಿ ಇನ್ನೊಂದರ ಸ್ವೀಕರಿಸುವ ತಂತಿಗೆ ಸೇರಲೆಂದು ಕ್ರಾಸ್‌ಓವರ್ ಕೇಬಲ್ ಬೇಕಾಗುತ್ತಿತ್ತು. ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟುಗಳು ಈ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ, ಎರಡರಲ್ಲಿ ಒಂದಕ್ಕೆ ಆ ಶಕ್ತಿಯಿದ್ದರೂ ಸಾಕು. ಎರಡೂ ಕಡೆ ದೀಪ ಉರಿಯುತ್ತಿದೆ ಎಂದ ಮೇಲೆ ಎರಡು ಯಂತ್ರಗಳೂ ಒಂದನ್ನೊಂದು ಗುರುತಿಸಿವೆ ಎಂದೇ ಅರ್ಥ.

ತೊಡಕು ಇರುವುದು ವಿಳಾಸಗಳಲ್ಲಿ, ಮತ್ತು ಅದರ ಸುಳಿವನ್ನು ನೀವೇ ಬರೆದಿದ್ದೀರಿ. ಮನೆಯ ರೌಟರ್ ಪ್ರತಿ ಯಂತ್ರಕ್ಕೂ ವಿಳಾಸ ಹಂಚುತ್ತದೆ, ಆದರೆ ನೇರ ಕೇಬಲ್‌ನಲ್ಲಿ ಹಂಚುವವರು ಯಾರೂ ಇಲ್ಲ. ಆದ್ದರಿಂದ ಸ್ವಲ್ಪ ಹೊತ್ತು ಕಾದ ಲ್ಯಾಪ್‌ಟಾಪ್ 169.254ರ ಸಾಲಿನಿಂದ ತಾನೇ ಒಂದು ವಿಳಾಸವನ್ನು ಆರಿಸಿಕೊಂಡಿದೆ. ಇದು ದೋಷವಲ್ಲ. ಡೆಸ್ಕ್‌ಟಾಪ್ ಕೂಡ ಹಾಗೆಯೇ ಮಾಡಿದ್ದರೆ ಎರಡೂ ಒಂದೇ ಸಾಲಿನಲ್ಲಿದ್ದು ಮಾತಾಡಿಕೊಳ್ಳುತ್ತಿದ್ದವು. ಆದರೆ ಡೆಸ್ಕ್‌ಟಾಪ್‌ಗೆ ಹಿಂದೆ ಯಾರೋ 192.168.1.10 ಎಂಬ ವಿಳಾಸವನ್ನು ಕಾಯಂ ಮಾಡಿಟ್ಟಿದ್ದಾರೆ. ಇನ್ನು, ಉತ್ತರ ಬಂದಿರುವ 192.168.1.5 ಎಂಬುದು ಡೆಸ್ಕ್‌ಟಾಪ್‌ನದಲ್ಲ, ನಿಮ್ಮದೇ ಲ್ಯಾಪ್‌ಟಾಪ್‌ನ ವೈಫೈ ವಿಳಾಸವಾಗಿರಬೇಕು. ಮನೆಯ ವೈಫೈ ಕೂಡ 192.168.1ರ ಸಾಲಿನಲ್ಲೇ ಇರುವುದರಿಂದ ಲ್ಯಾಪ್‌ಟಾಪ್ ಡೆಸ್ಕ್‌ಟಾಪ್ಅನ್ನು ವೈಫೈ ದಾರಿಯಲ್ಲಿ ಹುಡುಕಿ, ಅಲ್ಲಿ ಕಾಣದೆ, ಹಾಗೆಂದು ನಿಮಗೆ ವರದಿ ಮಾಡಿದೆ. ನಿಮ್ಮ ಪಿಂಗ್ ಆ ಕೇಬಲ್ಅನ್ನು ಮುಟ್ಟಿಯೇ ಇಲ್ಲ.

ಕೇಬಲ್‌ಗೆ ವೈಫೈ ಜೊತೆ ಬೆರೆಯದ ಬೇರೆಯೇ ಸಾಲನ್ನು ಕೊಡಿ. ಎರಡೂ ಕಂಪ್ಯೂಟರ್‌ಗಳಲ್ಲಿ ಲ್ಯಾನ್ ಅಡಾಪ್ಟರ್‌ನ ಪ್ರಾಪರ್ಟೀಸ್ ತೆರೆದು, ಇಂಟರ್ನೆಟ್ ಪ್ರೊಟೊಕಾಲ್ ಆವೃತ್ತಿ 4ರಲ್ಲಿ ಡೆಸ್ಕ್‌ಟಾಪ್‌ಗೆ 10.10.10.1, ಲ್ಯಾಪ್‌ಟಾಪ್‌ಗೆ 10.10.10.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0 ಎಂದು ತುಂಬಿಸಿ. ಗೇಟ್‌ವೇ (ಹೊರಜಾಲಕ್ಕೆ ಹೋಗುವ ಬಾಗಿಲಿನ ವಿಳಾಸ), ಡಿಎನ್ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗಗಳನ್ನು ಖಾಲಿ ಬಿಡಿ. ಲ್ಯಾಪ್‌ಟಾಪ್‌ನಲ್ಲಿ ಗೇಟ್‌ವೇ ತುಂಬಿಸಿದರೆ ವೈಫೈ ಮೂಲಕ ಬರುವ ಇಂಟರ್ನೆಟ್ ದಾರಿ ತಪ್ಪುವ ಸಂಭವವಿದೆ. ನಂತರ ಲ್ಯಾಪ್‌ಟಾಪ್‌ನಿಂದ 10.10.10.1ಕ್ಕೆ ಪಿಂಗ್ ಮಾಡಿ, ಬಂದ ಸಂದೇಶವನ್ನು ಅಕ್ಷರಶಃ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಬೇರೇನನ್ನೂ ಬದಲಿಸಬೇಡಿ. ಒಟ್ಟಿಗೆ ನಾಲ್ಕು ಕಡೆ ಕೈಯಾಡಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

ಮರುಪ್ರಶ್ನೆ (ವಿದ್ಯಾನಗರ, ಹಾಸನ):
ತಾವು ಹೇಳಿದಂತೆಯೇ ಮಾಡಿದೆ ಸರ್. ಈಗ 'ರಿಕ್ವೆಸ್ಟ್ ಟೈಮ್ಡ್ ಔಟ್' ಎಂದು ಬರುತ್ತಿದೆ. ಫೈರ್‌ವಾಲ್ಅನ್ನು ಪೂರ್ತಿ ಆರಿಸಿ, ಎಸ್ಎಂಬಿ 1 ಎಂಬುದನ್ನು ಆನ್ ಮಾಡಿ ಎಂದು ಒಂದು ವಿಡಿಯೋದಲ್ಲಿ ಹೇಳುತ್ತಾರೆ. ಮಾಡಬಹುದೇ?

ಉತ್ತರ:
ಎರಡೂ ಬೇಡ ಮೇಡಂ. ಸಂದೇಶ ಬದಲಾಗಿರುವುದೇ ಮುನ್ನಡೆ. 'ಹೋಸ್ಟ್ ಅನ್‌ರೀಚಬಲ್' ಎಂದರೆ ಎದುರಿನ ಯಂತ್ರ ಸಿಗಲೇ ಇಲ್ಲ ಎಂದು. 'ಟೈಮ್ಡ್ ಔಟ್' ಎಂದರೆ ಪ್ರಶ್ನೆ ಹೊರಟಿತು, ಉತ್ತರ ಬರಲಿಲ್ಲ ಎಂದು. ಖಚಿತಪಡಿಸಿಕೊಳ್ಳಲು, ಪಿಂಗ್ ಮಾಡಿದ ಕೂಡಲೇ ಅದೇ ಕಪ್ಪು ಕಿಟಕಿಯಲ್ಲಿ 'ಎಆರ್‌ಪಿ -ಎ' (arp -a) ಆದೇಶ ಕೊಡಿ. 10.10.10.1ರ ಎದುರು ಆರು ಜೋಡಿ ಅಕ್ಷರ-ಅಂಕಿಗಳ ಯಂತ್ರವಿಳಾಸ ಕಂಡರೆ ಕೇಬಲ್ ಮತ್ತು ವಿಳಾಸಗಳು ಸರಿಯಿವೆ, ಡೆಸ್ಕ್‌ಟಾಪ್‌ನ ಫೈರ್‌ವಾಲ್ (ಹೊರಗಿನಿಂದ ಬರುವುದನ್ನು ತಡೆಯುವ ಕಾವಲು) ಮಾತ್ರ ಬಾಗಿಲು ಹಾಕಿದೆ ಎಂದು ನಿಶ್ಚಯಿಸಬಹುದು. ಪಿಂಗ್‌ಗೆ ಉತ್ತರ ಕೊಡದ ಫೈರ್‌ವಾಲ್ ಕೂಡ ಈ ಕೆಳಹಂತದ ವಿಚಾರಣೆಯನ್ನು ತಡೆಯುವುದಿಲ್ಲ.

ಬಾಗಿಲು ಹಾಕಿದ್ದಕ್ಕೂ ಕಾರಣವಿದೆ. ವಿಂಡೋಸ್ ಒಂದು ಜಾಲವನ್ನು ಗುರುತಿಸುವುದು ಮುಖ್ಯವಾಗಿ ಅದರ ಗೇಟ್‌ವೇಯಿಂದ. ನೇರ ಕೇಬಲ್‌ನಲ್ಲಿ ಗೇಟ್‌ವೇ ಇಲ್ಲದ್ದರಿಂದ ಅದನ್ನು ಗುರುತಿಲ್ಲದ ಜಾಲವೆಂದೂ, ಆದ್ದರಿಂದ ಬಸ್ ನಿಲ್ದಾಣದ ವೈಫೈಯಂತೆ ಸಾರ್ವಜನಿಕವಾದದ್ದೆಂದೂ ಭಾವಿಸಿ ಫೈಲ್ ಹಂಚಿಕೆಯನ್ನು ತಡೆಯುತ್ತದೆ. ವಿಂಡೋಸ್ 7ರಲ್ಲಿ ಹೀಗೆ ಗುರುತಿಲ್ಲದ ಜಾಲದ ಬಗೆಯನ್ನು ಒತ್ತಿ ಬದಲಿಸಲು ಬರುವುದಿಲ್ಲ. ಆದ್ದರಿಂದ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಗೇಟ್‌ವೇ ಜಾಗದಲ್ಲಿ ಲ್ಯಾಪ್‌ಟಾಪ್‌ನ ವಿಳಾಸ 10.10.10.2 ತುಂಬಿಸಿ. ಜಾಲದ ಬಗೆಯನ್ನು ಅದು ಕೇಳಿದಾಗ 'ವರ್ಕ್ ನೆಟ್‌ವರ್ಕ್' ಆರಿಸಿಕೊಂಡು, ಫೈಲ್ ಹಂಚಿಕೆಯನ್ನು ಆನ್ ಮಾಡಿ. ಆ ಯಂತ್ರಕ್ಕೆ ಬೇರೆ ಇಂಟರ್ನೆಟ್ ಇಲ್ಲದಿರುವಾಗ ಇದರಿಂದ ಬಾಧಕವಿಲ್ಲ.

ಇನ್ನು ಎಸ್ಎಂಬಿ 1ರ ಮಾತು. ಎಸ್ಎಂಬಿ ಎಂದರೆ ವಿಂಡೋಸ್ ಯಂತ್ರಗಳು ಜಾಲದಲ್ಲಿ ಫೈಲ್ ಹಂಚಿಕೊಳ್ಳುವ ಭಾಷೆ, 1 ಅದರ ಮೊದಲ ಆವೃತ್ತಿ. ವಿಂಡೋಸ್ 7ಕ್ಕೆ ಅದಕ್ಕಿಂತ ಹೊಸದಾದ 2.1ನೇ ಆವೃತ್ತಿಯೇ ಬರುತ್ತದೆ, ವಿಂಡೋಸ್ 11 ಅದರೊಂದಿಗೆ ಮಾತಾಡಬಲ್ಲದು. ಮೊದಲ ಆವೃತ್ತಿಯೊಂದನ್ನೇ ನಂಬಿಕೊಂಡಿರುವುದು ಎಕ್ಸ್‌ಪಿಯಂಥ ಯಂತ್ರಗಳು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ, ಫೈಲ್ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿದ್ದು ಅದೇ ಎಸ್ಎಂಬಿ 1ರ ಬಿರುಕಿನಿಂದ. ಅದನ್ನು ತೆರೆಯಲು ಹೇಳುವ ವಿಡಿಯೋಗಳು ಇಂದಿಗೂ ಓಡಾಡುತ್ತಿರುವುದು ನನಗೆ ನಿಜಕ್ಕೂ ಆತಂಕದ ವಿಷಯ. ವಿಂಡೋಸ್ 7ಕ್ಕೆ ಸುರಕ್ಷತಾ ಪರಿಷ್ಕರಣೆಗಳು 2020ರ ಜನವರಿ 14ಕ್ಕೇ ನಿಂತಿವೆಯಾದ್ದರಿಂದ, ಅದನ್ನು ಇಂಟರ್ನೆಟ್‌ಗೆ ತಾಗಿಸದೆ ನೇರ ಕೇಬಲ್‌ನಲ್ಲಿ ಚಿತ್ರಗಳನ್ನು ತೆಗೆದುಕೊಳ್ಳುವ ನಿಮ್ಮ ಯೋಚನೆಯೇ ಒಳ್ಳೆಯದು.

ಇನ್ನೊಂದು ಅಡ್ಡಿ ಬರಬಹುದು. ಡೆಸ್ಕ್‌ಟಾಪ್‌ನ ಖಾತೆಗೆ ಪಾಸ್‌ವರ್ಡ್ ಇಲ್ಲದಿದ್ದರೆ ವಿಂಡೋಸ್ ಆ ಖಾತೆಯನ್ನು ಜಾಲದ ಮೂಲಕ ಒಳಗೆ ಬಿಡುವುದಿಲ್ಲ, ಆದ್ದರಿಂದ ಮೊದಲು ಒಂದು ಪಾಸ್‌ವರ್ಡ್ ಇಡಿ. ಚಿತ್ರಗಳ ಫೋಲ್ಡರ್‌ಗೆ ಹಂಚಿಕೆ ಕೊಟ್ಟು, ಲ್ಯಾಪ್‌ಟಾಪ್‌ನ ಎಕ್ಸ್‌ಪ್ಲೋರರ್ ವಿಳಾಸಪಟ್ಟಿಯಲ್ಲಿ \\10.10.10.1 ಎಂದು ಬರೆಯಿರಿ. ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಕಾಣಲಿಲ್ಲವೆಂದು ಕಾಯುವುದು ಬೇಡ. ಹೆಸರು ಹುಡುಕುವ ವ್ಯವಸ್ಥೆಯೇ ಬೇರೆ, ಅದು ಕೆಟ್ಟಿದ್ದರೂ ಅಂಕಿಯ ವಿಳಾಸದಿಂದ ಫೋಲ್ಡರ್ ತೆರೆಯುತ್ತದೆ. ಅಲ್ಲಿ ಕೇಳುವುದು ಡೆಸ್ಕ್‌ಟಾಪ್‌ನ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್, ಲ್ಯಾಪ್‌ಟಾಪ್‌ನ ಪಿನ್ ಅಲ್ಲ.

ಮರುಪ್ರಶ್ನೆ (ವಿದ್ಯಾನಗರ, ಹಾಸನ):
ಫೋಲ್ಡರ್ ತೆರೆಯಿತು ಸರ್, ತುಂಬಾ ಧನ್ಯವಾದಗಳು. ಆದರೆ ವೇಗ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ. ಡೆಸ್ಕ್‌ಟಾಪ್‌ನ ಪೋರ್ಟ್ ಗಿಗಾಬಿಟ್ ಎಂದೇ ಅದರ ಕೈಪಿಡಿಯಲ್ಲಿದೆ.

ಉತ್ತರ:
11 ಎಂಬಿ ಎಂದರೆ ಸಂಪರ್ಕ 100 ಎಂಬಿಪಿಎಸ್‌ನಲ್ಲಿ ನಿಂತಿದೆ. ಈ ಲೆಕ್ಕದಲ್ಲಿ 400 ಜಿಬಿಗೆ ಹತ್ತು ಗಂಟೆ ಬೇಕು, ಗಿಗಾಬಿಟ್ ಸಿಕ್ಕು ಹಾರ್ಡ್‌ಡಿಸ್ಕ್ ಸಹಕರಿಸಿದರೆ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯಬಹುದು. ನೂರಕ್ಕೆ ನಾಲ್ಕು ತಂತಿಗಳು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹೆಚ್ಚುವರಿಯಾಗಿ ಬೇಕಾದ ಆ ನಾಲ್ಕರಲ್ಲಿ ಒಂದು ತಂತಿ ಪ್ಲಗ್‌ನೊಳಗೆ ಸರಿಯಾಗಿ ಕಚ್ಚಿಕೊಳ್ಳದಿದ್ದರೂ ಯಂತ್ರಗಳು ಸದ್ದಿಲ್ಲದೆ ನೂರಕ್ಕೆ ಇಳಿಯುತ್ತವೆ, ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಪಾರದರ್ಶಕ ಪ್ಲಗ್‌ಅನ್ನು ಬೆಳಕಿಗೆ ಹಿಡಿದು ಎಂಟೂ ತಂತಿಗಳು ತುದಿ ಮುಟ್ಟಿವೆಯೇ ನೋಡಿ. ಈಗ ಬೇಕಾದರೆ ಕಾರ್ಖಾನೆಯಲ್ಲೇ ಪ್ಲಗ್ ಕೂಡಿಸಿದ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ತನ್ನಿ, ಕ್ರಾಸ್‌ಓವರ್ ಬೇಡ.

ಕಾಪಿ ಆಗುವಾಗ ಎರಡೂ ಯಂತ್ರಗಳ ಸ್ಲೀಪ್ ನಿಲ್ಲಿಸಿ. ನಡುವೆ ಕರೆಂಟ್ ಹೋಗುವ ಭಯವಿದ್ದರೆ, ಎಳೆದು ಬಿಡುವ ಬದಲು ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಆದೇಶವನ್ನು, ಒಳಫೋಲ್ಡರ್‌ಗಳನ್ನೂ ಸೇರಿಸುವ ಆಯ್ಕೆಯೊಂದಿಗೆ ಬಳಸಿ. ಮತ್ತೆ ಅದೇ ಆದೇಶ ಕೊಟ್ಟರೆ ಈಗಾಗಲೇ ಬಂದ ಚಿತ್ರಗಳನ್ನು ಬಿಟ್ಟು ಉಳಿದವನ್ನು ಮಾತ್ರ ತರುತ್ತದೆ. ಕೊನೆಗೆ ಎರಡೂ ಕಡೆ ಫೈಲ್‌ಗಳ ಸಂಖ್ಯೆ ತಾಳೆ ನೋಡುವವರೆಗೆ ಹಳೆಯ ಡಿಸ್ಕ್‌ನಿಂದ ಏನನ್ನೂ ಅಳಿಸಬೇಡಿ. ಅಂಥ ಚಿತ್ರಗಳನ್ನು ಮತ್ತೆ ತೆಗೆಯಲು ಬರುವುದಿಲ್ಲ.

ಪ್ರಶ್ನೆ (ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ):
ಸರ್, ಇದೇ ರೀತಿ ನಮ್ಮ ಮನೆಯ ಕಂಪ್ಯೂಟರ್‌ಗೂ ಕಾಫಿ ಕಣದಾಚೆಯ ಗೋದಾಮಿನ ಲೆಕ್ಕದ ಕಂಪ್ಯೂಟರ್‌ಗೂ ನೇರ ಕೇಬಲ್ ಎಳೆಯಬಹುದೇ? ದೂರ 70 ಮೀಟರ್ ಇದೆ.

ಉತ್ತರ:
ದೂರದ ಮಟ್ಟಿಗೆ ಎಳೆಯಬಹುದು, ತಾಮ್ರದ ಲ್ಯಾನ್ ಕೇಬಲ್‌ಗೆ 100 ಮೀಟರ್ ಮಿತಿ. ಆದರೂ ನಾನು ಒಪ್ಪುವುದಿಲ್ಲ. ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಳೆ ಸಿಡಿಲಿನೊಂದಿಗೇ ಬರುತ್ತದೆ. ಸಿಡಿಲು ನೇರವಾಗಿ ಬಡಿಯಬೇಕೆಂದಿಲ್ಲ. ಹತ್ತಿರದ ಸಿಲ್ವರ್ ಮರಕ್ಕೆ ಬಡಿದರೂ ಬಯಲಿನಲ್ಲಿ ಹಾಸಿದ ಉದ್ದ ತಾಮ್ರದಲ್ಲಿ ವಿದ್ಯುತ್ ಉಕ್ಕಿ ಎರಡೂ ತುದಿಯ ಪೋರ್ಟುಗಳನ್ನು, ಕೆಲವೊಮ್ಮೆ ಮದರ್‌ಬೋರ್ಡನ್ನೇ ಸುಡಬಲ್ಲದು. ಮನೆ, ಗೋದಾಮುಗಳ ಅರ್ಥಿಂಗ್ ಬೇರೆಬೇರೆಯಾಗಿದ್ದರೆ ಅಪಾಯ ಇನ್ನೂ ಹೆಚ್ಚು.

ಆ 70 ಮೀಟರಿಗೆ ಲೋಹದ ತಂತಿಯಾಗಲಿ ಕವಚವಾಗಲಿ ಇಲ್ಲದ ಆಪ್ಟಿಕಲ್ ಫೈಬರ್ ಹಾಕಿಸಿ, ಎರಡು ತುದಿಗೂ ಬೆಳಕಿನ ಸಂಕೇತವನ್ನು ಲ್ಯಾನ್ ಕೇಬಲ್‌ನ ಸಂಕೇತಕ್ಕೆ ಬದಲಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಇಡಿ. ಗಾಜಿನಲ್ಲಿ ವಿದ್ಯುತ್ ಹರಿಯದ್ದರಿಂದ ಈ ದಾರಿ ಮುಚ್ಚುತ್ತದೆ. ನಿಮ್ಮೂರಿಗೆ ಫೈಬರ್ ಇಂಟರ್ನೆಟ್ ಕೊಡುವವರ ಬಳಿ ತುದಿ ಬೆಸೆಯುವ ಯಂತ್ರ ಇರುತ್ತದೆ, ಅವರಿಂದಲೇ ಮಾಡಿಸಿಕೊಳ್ಳಬಹುದು. ಕರೆಂಟಿನ ವೈರಿನಿಂದ ಬರುವ ಸಿಡಿಲನ್ನು ಫೈಬರ್ ತಡೆಯಲಾರದಾದ್ದರಿಂದ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡುವ ಅಭ್ಯಾಸ ಬಿಡಬೇಡಿ. ವಿಳಾಸಗಳನ್ನು ಮೇಲೆ ಹೇಳಿದಂತೆಯೇ ಕೊಡಿ. ಎರಡೂ ಕಂಪ್ಯೂಟರ್‌ಗಳಲ್ಲಿ ಇರುವುದು ವಿಂಡೋಸ್ 10 ಅಥವಾ 11 ಆದರೆ ಗೇಟ್‌ವೇ ತುಂಬಿಸದೆ, ಪವರ್‌ಶೆಲ್‌ನಿಂದ ಆ ಸಂಪರ್ಕದ ಬಗೆಯನ್ನು 'ಪ್ರೈವೇಟ್' ಎಂದು ಬದಲಿಸಿಕೊಳ್ಳಬಹುದು.