ಹೈವೇ ಬದಿಯ ಗಿಡಗಳ ಜವಾಬ್ದಾರಿ ಒಪ್ಪಿಕೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಮುಂಬೈಯ ಗೋರೆಗಾಂವ್‌ನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಹೌಸಿಂಗ್ ಸೊಸೈಟಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಸರ್ವಿಸ್ ರೋಡಿಗೆ ತಾಗಿಕೊಂಡೇ ಇದೆ. ಗೇಟಿನ ಎದುರು ಸುಮಾರು 200 ಅಡಿ ಉದ್ದದ ಗಿಡಗಳ ಸಾಲು ಒಣಗಿ ನಿಂತಿದೆ. ನೋಡಿದರೆ ಸಂಕಟ ಆಗುತ್ತದೆ. ಪಾಲಿಕೆ ಜೊತೆ ಸೇರಿ ನಾವೇ ನೋಡಿಕೊಳ್ಳೋಣ ಅಂತ ಕಮಿಟಿಯಲ್ಲಿ ಮಾತು ಬಂದಿದೆ. ಹೂಂ ಅನ್ನುವ ಮೊದಲು ಏನೇನು ಕೇಳಬೇಕು?

ವಿಕ್ರೋಲಿಯಿಂದ:
ಖಂಡಿತ ಒಪ್ಪಿಕೊಳ್ಳಿ ಅಕ್ಕಾ. ಆದರೆ ಮೊದಲು ನೀರಿನ ಮಾತು ಮುಗಿಸಿ. ಯಾವ ಗಿಡ, ಬೋರ್ಡಿನ ಮೇಲೆ ಯಾರ ಹೆಸರು, ಅದೆಲ್ಲ ಆಮೇಲೆ.

ನಿಮ್ಮ ವೆಸ್ಟರ್ನ್, ನಮ್ಮ ಈಸ್ಟರ್ನ್ ಎರಡೂ ಹೈವೇ ಮೊದಲು ಎಂಎಂಆರ್‌ಡಿಎ (ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕೈಯಲ್ಲಿದ್ದವು. 2022ರ ಕೊನೆಯ ಹೊತ್ತಿಗೆ ಅವನ್ನು ಮುಂಬೈ ಪಾಲಿಕೆಗೆ ಒಪ್ಪಿಸುವ ತೀರ್ಮಾನ ಆಯಿತು. ಹಾಗಾಗಿ ಈಗ ನೀವು ಹೋಗಬೇಕಾದದ್ದು ಪಾಲಿಕೆಯ ಉದ್ಯಾನ ವಿಭಾಗಕ್ಕೆ. ಯಾರನ್ನು ಕೇಳಬೇಕು ಅನ್ನೋದು ಗೊತ್ತಿದ್ದರೆ ಅರ್ಧ ಓಡಾಟ ತಪ್ಪುತ್ತದೆ.

ನಮ್ಮ ಕಥೆ ಹೇಳುತ್ತೇನೆ. ಜುಲೈಯಲ್ಲಿ 60 ಸಸಿ ನೆಟ್ಟೆವು. ಮಳೆಗಾಲ, ಎಲ್ಲ ಹಸಿರು, ಎಲ್ಲರಿಗೂ ಖುಷಿ. ಅಕ್ಟೋಬರ್‌ನಲ್ಲಿ ಮಳೆ ಹೋಯಿತು. ಅಲ್ಲಿಂದ ಜೂನ್‌ವರೆಗೆ ಮುಂಬೈಯಲ್ಲಿ ಮಳೆ ಅಂತ ಬರೋದೇ ಅಪರೂಪ, ಅಲ್ವಾ? ಗುತ್ತಿಗೆದಾರರ ಟ್ಯಾಂಕರ್ ಮೊದಲು ದಿನ ಬಿಟ್ಟು ದಿನ ಬರುತ್ತಿತ್ತು. ಆಮೇಲೆ ವಾರಕ್ಕೊಮ್ಮೆ ಆಯಿತು. ಒಂದು ದಿನ ಬೆಳಿಗ್ಗೆ ಆರಕ್ಕೇ ಹೋಗಿ ನಿಂತು ನೋಡಿದೆ. ಹಿಂದೆ ನಿಂತ ಹುಡುಗ ದಪ್ಪ ಪೈಪ್ ಹಿಡಿದಿದ್ದ. ಟ್ಯಾಂಕರ್ ನಿಲ್ಲುತ್ತಲೇ ಇರಲಿಲ್ಲ. ನೀರು ಬುಡಕ್ಕೆ ರಭಸವಾಗಿ ಬಡಿದು ಮಣ್ಣೆಲ್ಲ ರಸ್ತೆಗೆ ಹರಿಯಿತು. ಬಿಳಿ ಬೇರು ಹೊರಗೆ ಕಾಣಿಸಿತು. ಟ್ರಾಫಿಕ್ ಶುರುವಾಗುವ ಮೊದಲು ಮುಲುಂಡ್‌ವರೆಗೆ ಮುಗಿಸಬೇಕಂತೆ. ಹುಡುಗನದು ಏನೂ ತಪ್ಪಿಲ್ಲ. ಅವನಿಗೆ ಕೊಟ್ಟ ಕೆಲಸವೇ ಹಾಗಿತ್ತು.

ಆ ಮೇಲೆ ನಾವೇ ಪ್ರತಿ ಗಿಡಕ್ಕೂ ಪಾತಿ ಕಟ್ಟಿದೆವು. ಒಣ ಎಲೆ ಹೊದಿಸಿ ಕೊಡದಲ್ಲಿ ನೀರು ಹಾಕಿದೆವು. ಮಾರ್ಚ್ ಬರುವಾಗ 22 ಗಿಡ ಉಳಿದಿದ್ದವು. ಮೊದಲೇ ಮಾಡಿದ್ದರೆ ಇನ್ನೂ ಜಾಸ್ತಿ ಉಳಿಯುತ್ತಿದ್ದವು.

ಆದ್ದರಿಂದ ವಾರಕ್ಕೆ ಎಷ್ಟು ಸಲ ನೀರು, ಎಲ್ಲಿಂದ, ಟ್ಯಾಂಕರ್ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಸತ್ತ ಗಿಡದ ಜಾಗಕ್ಕೆ ಹೊಸದು ಯಾರು ಕೊಡುತ್ತಾರೆ ಅನ್ನೋದನ್ನೂ ಸೇರಿಸಿ.

ಇನ್ನೊಂದು, ಮಣ್ಣು. ನಾವು ಅಗೆದಾಗ ಒಂದು ಗೇಣು ಕೆಳಗೆ ಬರೀ ಕಾಂಕ್ರೀಟ್ ತುಂಡು, ಟೈಲ್ಸ್ ಚೂರು, ಪ್ಲಾಸ್ಟಿಕ್. ಗುದ್ದಲಿ ನಡೆಯಲಿಲ್ಲ, ಹಾರೆ ಬೇಕಾಯಿತು. ಒಂದೂವರೆ ಅಡಿ ತೆಗೆದು ಕೆಂಪು ಮಣ್ಣು, ಗೊಬ್ಬರ ತುಂಬಿಸಿ. ಇದಕ್ಕೆ ಖರ್ಚಿದೆ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ.

ಗಿಡಕ್ಕೆ ಬಂದರೆ ಕಾಗದದ ಹೂ, ಕಣಗಿಲೆ ಬಿಸಿಲು, ಹೊಗೆ ಎರಡನ್ನೂ ತಡೆಯುತ್ತವೆ. ಕಣಗಿಲೆ ವಿಷ, ಮಕ್ಕಳು ಆಡುವ ಕಡೆ ಬೇಡ. ನಮ್ಮ ವಿಕ್ರೋಲಿಯಲ್ಲಿ ಹೈವೇ ಉದ್ದಕ್ಕೂ ಟಬೆಬುಯಾ ಮರಗಳಿವೆ. ಬೇಸಿಗೆ ಶುರುವಾಗುವಾಗ ಎಲೆ ಉದುರಿಸಿ ಮೈತುಂಬ ಗುಲಾಬಿ ಬಣ್ಣದ ಹೂ ಬಿಡುತ್ತವೆ. ಜನ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅವೂ ಒಂದು ಕಾಲದಲ್ಲಿ ಯಾರೋ ನೀರು ಹಾಕಿದ ಸಸಿಗಳೇ.

ಪಿಂಪ್ರಿಯಿಂದ:
ಪುಣೆ ಕಡೆಯವರು ರಸ್ತೆ ಯಾರದ್ದು ಅಂತ ಮೊದಲು ನೋಡಿಕೊಳ್ಳಿ. ಕಾತ್ರಜ್–ದೇಹು ರೋಡ್ ಬೈಪಾಸ್ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ಅಲ್ಲಿನ ಗಿಡಕ್ಕೆ ಪಾಲಿಕೆ ಹತ್ತಿರ ಹೋಗಿ ಉಪಯೋಗ ಇಲ್ಲ. ನೀರಿಗೆ ನಾವು ಕಂಡುಕೊಂಡ ದಾರಿ ಸೊಸೈಟಿಯ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ. ಶುದ್ಧ ಮಾಡಿದ ನೀರನ್ನೇ ಸಂಜೆ ಬಿಡುತ್ತೇವೆ. ಎರಡು ಬೇಸಿಗೆ ದಾಟಿದೆವು.

ಥಾಣೆಯಿಂದ:
ಸೇರಿಸುವುದು ಎರಡೇ ವಿಷಯ. ಮರದ ಕೊಂಬೆ ಅಡ್ಡ ಬಂತು ಅಂತ ನೀವೇ ಕಡಿಸಬೇಡಿ. ಮಹಾರಾಷ್ಟ್ರದಲ್ಲಿ 1975ರ ಮರ ಸಂರಕ್ಷಣಾ ಕಾಯ್ದೆ ಇದೆ, ಪಾಲಿಕೆಯ ಅನುಮತಿ ಬೇಕು. ಮತ್ತೆ, ತಿರುವಿನ ಹತ್ತಿರ ಗಿಡವನ್ನು ಮೊಣಕಾಲಿಗಿಂತ ಎತ್ತರ ಬೆಳೆಯಲು ಬಿಡಬೇಡಿ. ನಮ್ಮ ಗೇಟಿನ ಪಕ್ಕ ದುರಂಟಾ ಬೇಲಿಗಿಡ ಎದೆಮಟ್ಟ ಬೆಳೆದಿತ್ತು. ಅದರ ಮರೆಯಿಂದ ಬಂದ ಸ್ಕೂಟರ್ ಕಾಣಿಸದೆ ನನ್ನ ತಮ್ಮ ಬಿದ್ದು ಕೈ ಮುರಿದುಕೊಂಡ. ಮರುದಿನವೇ ಎಲ್ಲರೂ ಕತ್ತರಿ ಹಿಡಿದೆವು.

ಗೋರೆಗಾಂವ್‌ನಿಂದ:
ತುಂಬಾ ಉಪಕಾರ ಆಯಿತು. ನಮ್ಮಲ್ಲೂ ಎಸ್‌ಟಿಪಿ ಇದೆ, ಮಿಕ್ಕಿದ ನೀರು ಸುಮ್ನೆ ಚರಂಡಿಗೆ ಹೋಗುತ್ತಿದೆ. ಭಾನುವಾರದ ಮೀಟಿಂಗ್‌ನಲ್ಲಿ ಇದನ್ನೇ ಮೊದಲು ಎತ್ತುತ್ತೇನೆ. ವಿಕ್ರೋಲಿಯ ಅಣ್ಣಾ, ಗುಂಡಿ ತೋಡುವ ದಿನ ಒಮ್ಮೆ ಬಂದು ಮಣ್ಣು ನೋಡುತ್ತೀರಾ?

ವಿಕ್ರೋಲಿಯಿಂದ:
ಬರುತ್ತೇನೆ ಅಕ್ಕಾ. ಹಾರೆ ನಾನೇ ತರುತ್ತೇನೆ.